ಸಹಪಾಠಿಗೆ ಬರೆದ ಸನ್ಮಾನಪತ್ರ

ನರಗುಂದದ ಕಾಲೇಜಿನಲ್ಲಿ ನನ್ನೊಡನೆ ಓದಿದವರು ಯಾವ ಯಾವ ಹುದ್ದೆಗೆ ಏರಿದರೆಂಬುದನ್ನು ನಾನು ಇಂದಿಗೂ ತಪ್ಪದೆ ವಿಚಾರಿಸುತ್ತೇನೆ. ಹೋದ ತಿಂಗಳು ಸವಡಿಯ ಗೆಳೆಯನು ಗಜೇಂದ್ರಗಡದ ಕಾಲೇಜೊಂದಕ್ಕೆ ಪ್ರಾಚಾರ್ಯನಾದನು. ಮೂರು ವರ್ಷವೂ ನನ್ನ ಟಿಪ್ಪಣಿಗಳನ್ನೇ ಓದಿ ತೇರ್ಗಡೆಯಾದವನು ಅವನು; ರೋಣದಲ್ಲಿ ಶಾಲಾಮಾಸ್ತರನಾಗಿಯೇ ಸ್ವಯಂನಿವೃತ್ತಿ ಪಡೆದವನು ನಾನು.

"ನಿನ್ನಂಗ ಶುದ್ಧ ಬರಿಯಾವ್ರು ನಮ್ಮೊಳಗ ಯಾರದಾರೋ?" ಎಂದು ಹಳೆಯ ಗೆಳೆಯರು ಅವನ ಸನ್ಮಾನಪತ್ರ ಬರೆಯುವ ಕೆಲಸವನ್ನು ನನಗೇ ಒಪ್ಪಿಸಿದರು.

ಟಿಪ್ಪಣಿಗಳ ಸಂಗತಿಯನ್ನು ಮೂರು ಬಾರಿ ಬರೆದು ಮೂರು ಬಾರಿಯೂ ಹೊಡೆದುಹಾಕಿದೆ. ಅದು ಗುಟ್ಟಾಗಿ ನನ್ನಲ್ಲೇ ಇದ್ದರೆ ಅವನಿಗಿಂತ ನಾನು ಒಂದು ಮೆಟ್ಟಿಲು ಮೇಲೆಂಬ ಸಮಾಧಾನವಿತ್ತು.

ಸನ್ಮಾನದ ದಿನ ವೇದಿಕೆಯಲ್ಲಿ ನಾನು ಪತ್ರವನ್ನು ಓದಿ ಮುಗಿಸಿದೊಡನೆ ಅವನು ಧ್ವನಿವರ್ಧಕವನ್ನು ಹಿಡಿದನು.

"ಮಾಸ್ತರ ಒಂದು ಮಾತು ಬಿಟ್ಟಾನ್ರಿ. ನಾ ಮೂರು ವರ್ಷ ಓದಿದ್ದು ಇವನ ನೋಟ್ಸು. ಇವ ಕೊಡದ ಹೋಗಿದ್ರ ನಾ ಇವತ್ತ ಸವಡ್ಯಾಗ ಎಮ್ಮಿ ಕಾಯ್ತಿದ್ದೆ!"

ಸಭೆ ನಕ್ಕು ಚಪ್ಪಾಳೆ ತಟ್ಟಿತು, ನಾನೂ ತಟ್ಟಿದೆ.

ರೋಣದ ಬಸ್ಸಿನಲ್ಲಿ ಕುಳಿತಾಗ ಅವನ ಮೇಲೆ ಹೊರಿಸಲು ಯಾವ ದೂರೂ ನನ್ನಲ್ಲಿ ಉಳಿದಿರಲಿಲ್ಲ. ಅವನ ಸ್ಥಾನದಲ್ಲಿ ನಾನಿದ್ದರೆ ಆ ಮಾತು ನನ್ನ ಬಾಯಿಂದ ಬರುತ್ತಿರಲಿಲ್ಲವೆಂದು ಹೊಳೆದಾಗ ಹೊಟ್ಟೆಕಿಚ್ಚು ಇನ್ನಷ್ಟು ಹೆಚ್ಚಿತು.