ಯಶೋದಳ ಪೆಟ್ಟಿಗೆ ಮತ್ತು ಕಿತ್ತಳೆ ಬಣ್ಣದ ನೀರು

ಬುಕ್ಕಾಪಟ್ಟಣದ ಹತ್ತಿರದ ಒಂದು ಹಟ್ಟಿಯಲ್ಲಿ ಕುಡಿಯುವ ನೀರನ್ನು ಪರೀಕ್ಷೆ ಮಾಡುವವಳು ಯಶೋದ. ಪಂಚಾಯಿತಿಯವರು ಎರಡು ದಿನ ತರಬೇತಿ ಕೊಟ್ಟು, ಒಂದು ಪೆಟ್ಟಿಗೆಯನ್ನೂ ಕೊಟ್ಟಿದ್ದಾರೆ. ಗಾಜಿನ ನಳಿಕೆಗೆ ಗೆರೆಯವರೆಗೆ ನೀರು ತುಂಬಿ, ಸೂಚಕ ದ್ರಾವಣದ ಕೆಲವು ಹನಿ ಹಾಕಿ, ಬಂದ ಬಣ್ಣವನ್ನು ಬಣ್ಣದ ಪಟ್ಟಿಯ ಪಕ್ಕ ಹಿಡಿಯಬೇಕು. ಕೆಂಪಿನ ಕಡೆಗಿದ್ದರೆ ಆಮ್ಲ, ನೀಲಿಯ ಕಡೆಗಿದ್ದರೆ ಕ್ಷಾರ, ನಡುವಿನ ಹಸಿರು ಅಂದರೆ ಪಿಎಚ್ ಅಳತೆಯಲ್ಲಿ ಏಳು. ಆರೂವರೆಯಿಂದ ಎಂಟೂವರೆಯೊಳಗಿದ್ದರೆ ಸರಿ.

ಈ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ನಳಿಕೆಯ ನೀರು ಕಿತ್ತಳೆ ಬಣ್ಣಕ್ಕೆ ತಿರುಗಿತು. ಪಟ್ಟಿಯಲ್ಲಿ ಅದು ಐದು. ಏಳರಿಂದ ಐದಕ್ಕೆ ಇಳಿದರೆ ಆಮ್ಲೀಯತೆ ನೂರು ಪಟ್ಟು ಹೆಚ್ಚಿದಂತೆ. ವಿಷಯ ಪಂಚಾಯಿತಿಗೆ ತಿಳಿಸಿದರೆ ಕೊಳವೆಬಾವಿ ಮುಚ್ಚುತ್ತಾರೆ. ಹಟ್ಟಿಗಿರುವುದು ಅದೊಂದೇ. ತಿಳಿಸದಿದ್ದರೆ ಅದೇ ನೀರನ್ನು ಎಲ್ಲರೂ ಕುಡಿಯಬೇಕು. ಯಶೋದ ಇನ್ನೊಮ್ಮೆ ಹನಿ ಹಾಕಿದಳು. ಮತ್ತೆ ಕಿತ್ತಳೆ. ಮೋಟಾರು ನಿಲ್ಲಿಸಲು ಹೇಳಿಕಳಿಸಿದಳು.

ಮೋಟಾರು ನೋಡಿಕೊಳ್ಳುವ ಮೈದುನ ಯತ್ತಪ್ಪ ಬಂದ.

"ಮೋಟ್ರು ನಿಲ್ಸ್‌ಬುಟ್ಟೆ ಅತ್ಗೆ. ಕೊಡ ಇಟ್ಕಂಡು ನಿಂತೋರು ನನ್ನ ಬೈತಾವ್ರೆ."

"ನೀನೇನಂದೆ?"

"ನಿನ್ನ ಹೆಸ್ರು ಹೇಳ್ದೆ. ಈಗ ನಿನ್ನ ಬೈತಾವ್ರೆ."

ಅವತ್ತು ಪರೀಕ್ಷೆಗೆ ಕೊಳವೆಬಾವಿಯಿಂದ ನೀರು ತಂದಿದ್ದವಳು ಅತ್ತೆ ಜುಂಜಮ್ಮ.

"ಯಾವುದ್ರಾಗೆ ತಂದೆ ಅತ್ತೆ?"

"ಪರೀಕ್ಷೆ ನೀರು ಕಣಮ್ಮ, ಪ್ಲಾಸ್ಟಿಕ್ ಬಾಟ್ಲಿನಾಗೆ ಕೊಟ್ರೆ ಮರ್ವಾದೆ ಇರ್ತೈತಾ? ಹಿತ್ತಾಳೆ ಚೊಂಬ್ನ ಹುಣ್ಸೆಹಣ್ಣಾಕಿ ತಿಕ್ಕಿ ತಂದಿವ್ನಿ."

ಯಶೋದ ಚೊಂಬಿನೊಳಗೆ ಬೆರಳು ಹಾಕಿದಳು. ತಳದಲ್ಲಿ ಹುಣಸೆಹಣ್ಣಿನ ನಾರು ಒಂದು ಮುದ್ದೆಯಾಗಿ ಕೂತಿತ್ತು.

"ತೊಳೀಲಿಲ್ವಾ?"

"ಹೊರ್ಗಡೆ ತೊಳ್ದಿವ್ನಿ. ಒಳ್ಗೆ ಯಾರು ನೋಡ್ತಾರೆ?"

"ನಾನು ನೋಡ್ತೀನಿ. ಅದೇ ನನ್ನ ಕೆಲ್ಸ."

ಪೆಟ್ಟಿಗೆ ಎತ್ತಿಕೊಂಡು ಯಶೋದ ಬಾವಿಗೇ ನಡೆದಳು. ಸಾಲಿನಲ್ಲಿದ್ದವರು ಬೈಯುವುದನ್ನು ನಿಲ್ಲಿಸಲಿಲ್ಲ, ದನಿ ಮಾತ್ರ ತಗ್ಗಿಸಿದರು. ಅವಳು ಮೋಟಾರು ಹಾಕಿಸಿ, ಪೈಪಿನಲ್ಲಿ ನಿಂತಿದ್ದ ನೀರೆಲ್ಲ ಹರಿದುಹೋಗುವವರೆಗೆ ಕಾದಳು. ಬಾವಿಯ ನೀರಿನಿಂದಲೇ ನಳಿಕೆಯನ್ನು ಮೂರು ಸಲ ತೊಳೆದು, ಪೈಪಿನಿಂದ ನೇರವಾಗಿ ಗೆರೆಯವರೆಗೆ ಹಿಡಿದು ಹನಿ ಹಾಕಿದಳು. ಬೈಗುಳ ಆಗ ನಿಂತಿತು.

ಹಸಿರು. ಸ್ವಲ್ಪ ನೀಲಿಯ ಕಡೆಗೆ. ಏಳೂವರೆ.

"ಕುಡೀಬೋದು" ಎಂದಳು ಯಶೋದ.

ಕೊಡಗಳೆಲ್ಲ ಒಮ್ಮೆಗೇ ಮುಂದೆ ಬಂದವು. ಎಲ್ಲಿಂದಲೋ ಬಂದ ಜುಂಜಮ್ಮ ಅವನ್ನೆಲ್ಲ ಪಕ್ಕಕ್ಕೆ ಸರಿಸಿ ತನ್ನ ಕೊಡವನ್ನು ಪೈಪಿನ ಕೆಳಗಿಟ್ಟಳು.

"ಮೊದ್ಲು ನಂದು ಕಣ್ರೇ. ನೀರು ಪಾಸ್ ಮಾಡಿದ್ದು ನನ್ನ ಸೊಸೆ."