ಸೋರುವ ಚಿತ್ರ

ಮಾಟುಂಗ ಸ್ಟೇಷನ್ನಿನ ಹೊರಗೆ ಉಡುಪಿ ಹೋಟೆಲೊಂದರ ಬೆಂಚಿನ ಮೇಲೆ ಕೂತು ಎದುರಿನ ಬೀದಿಯ ಚಿತ್ರ ಬಿಡಿಸುತ್ತಿದ್ದೆ. ಬಾಗಿದ ಬಾಲ್ಕನಿಗಳ ಹೊಸ ಬಿಲ್ಡಿಂಗ್, ಅದರ ಪಕ್ಕಕ್ಕೆ ಹೆಂಚು ಹೊದಿಸಿದ ಹಳೆಯ ಗೋದಾಮು. ಮೈಸೂರಿನಲ್ಲಿ ಇಪ್ಪತ್ತು ವರ್ಷದಿಂದ ಡ್ರಾಯಿಂಗ್ ಮೇಷ್ಟ್ರು ನಾನು. ರಜೆಗೆಂದು ಬಂದವನು ವಾರದಿಂದ ಈ ಹೋಟೆಲಿಗೇ ತಿಂಡಿಗೆ ಬರುತ್ತಿದ್ದೆ. ಬಾಲ್ಕನಿಗಳು ಸೊಗಸಾಗಿ ಬಂದವೆಂದು ಒಳಗೊಳಗೇ ಬೀಗುತ್ತಿದ್ದೆ.

ಹಿಂದಿನಿಂದ ಒಬ್ಬರು ಬಗ್ಗಿ ನೋಡಿದರು. ಹೋಟೆಲಿನಲ್ಲಿ ಹಿಟ್ಟು ರುಬ್ಬುವವರು. ಎಲ್ಲರೂ ಶೀನಣ್ಣ ಎನ್ನುತ್ತಿದ್ದರು. ಹೊಗಳುತ್ತಾರೆ ಎಂದುಕೊಂಡೆ.

"ಬಿಲ್ಡಿಂಗ್ ಇರ್ಲಿ ಮಾಷ್ಟ್ರೇ, ಈ ಮಾಡು ಸೋರ್ತದಲ್ಲ! ಕೆಳಗಿನ ಹೆಂಚನ್ನು ಮೇಲಿನದರ ಮೇಲೆ ಕೂರಿಸಿದ್ದೀರಿ. ನೀರೆಲ್ಲ ಒಳಗೇ ಹೋಗ್ತದೆ."

ನನಗೆ ಸಿಟ್ಟು ಬಂತು. ಚಿತ್ರದ ಛಾವಣಿ ಸೋರುವುದೆಂದರೇನು? ತಲೆಯೆತ್ತಿ ಗೋದಾಮನ್ನು ನೋಡಿದೆ. ಅವರು ಹೇಳಿದ್ದೇ ಸರಿ.

"ನಿಮಗೆ ಹೇಗೆ ಗೊತ್ತು?"

"ಮಂಗಳೂರಲ್ಲಿ ಹದಿನಾಲ್ಕು ವರ್ಷ ಹೆಂಚಿನ ಕಾರ್ಖಾನೆಯಲ್ಲಿದ್ದೆ. ಅದು ನಮ್ಮೂರ ಹೆಂಚೇ. ನನಗಿಂತ ಮುಂಚೆ ಹಡಗು ಹತ್ತಿ ಬಂದದ್ದು." ಸ್ವಂತ ಅಣ್ಣನ ಮಾತೆತ್ತಿದ ಹಾಗಿತ್ತು ಅವರ ದನಿ.

ರಬ್ಬರ್ ತೆಗೆದು ಛಾವಣಿಯನ್ನು ಪೂರ್ತಿ ಅಳಿಸಿದೆ. ಅವರು ಹೇಳಿದಂತೆ ಕೆಳಗಿನ ಸಾಲಿನಿಂದ ಶುರುಮಾಡಿ ಮೇಲಕ್ಕೆ ಹೊದಿಸುತ್ತ ಹೋದೆ. ಹಿಟ್ಟು ಮೆತ್ತಿದ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಅವರು ಒಂದೊಂದು ಹೆಂಚನ್ನೂ ಪರೀಕ್ಷಿಸಿದರು. ಕೊನೆಗೆ ಒಳಗಿದ್ದ ಸಪ್ಲೈಯರುಗಳನ್ನೆಲ್ಲ ಕೂಗಿ ಕರೆದು, ನನ್ನ ಬಾಲ್ಕನಿಗಳತ್ತ ಕಣ್ಣೂ ಹಾಯಿಸದೆ, ಮಾಡನ್ನು ತೋರಿಸಿದರು.

"ಇನ್ನು ಮಳೆ ಬರ್ಲಿ."