ಅತ್ತೆಯ ಮೆಣಸಿನ ಬೀಜ

ಮದುವೆಯಾಗಿ ಬ್ಯಾಡಗಿ ಹತ್ತಿರದ ಆ ಊರಿಗೆ ಬಂದ ಮೂರನೆಯ ದಿನ ಅತ್ತೆ ಕೇಳಿದಳು, "ತವರಮನ್ಯಾಗ ಏನ್ ಕೆಲಸ ಮಾಡತಿದ್ದಿ?"

"ಮೇಡ್ಲೇರಿ ಒಳಗ ಹೈಬ್ರಿಡ್ ಬೀಜದ ಪ್ಲಾಟಿಗೆ ಹೋಗತಿದ್ದೆರಿ. ಕ್ರಾಸಿಂಗ್ ಮಾಡಾಕ."

ಹೂವು ಅರಳುವ ಮೊದಲೇ ಚಿಮಟದಿಂದ ಅದರ ಕೇಸರ ಕಿತ್ತು, ಮರುದಿನ ಬೇರೆ ತಳಿಯ ಪರಾಗ ಮುಟ್ಟಿಸುವ ಕೆಲಸ ಅದು. ಅತ್ತೆ ಮುಖ ಸಿಂಡರಿಸಿದಳು.

"ಹೂವಿನ ಗಂಡಸ್ತನ ಕೀಳೂ ಕೆಲಸ. ಆ ಕೈಲೆ ನನ್ನ ಬೀಜ ಮುಟ್ಟಬ್ಯಾಡ."

ಅವಳ ಬೀಜಕ್ಕೆ ಹೆಸರಿತ್ತು. ಅವಳ ಅತ್ತೆಯಿಂದ ಬಂದ ಡಬ್ಬಿ ಮೆಣಸಿನಕಾಯಿ: ಗಿಡ್ಡ, ದುಂಡು, ಒಣಗಿದರೆ ಮೈತುಂಬ ನೆರಿಗೆ, ಕಡುಗೆಂಪು, ಖಾರ ಕಡಿಮೆ. ಪೂರ್ತಿ ಹಣ್ಣಾದದ್ದನ್ನಷ್ಟೇ ಬಿಡಿಸಬೇಕು. ಕಣದಲ್ಲಿ ತೆಳ್ಳಗೆ ಹರವಬೇಕು, ಸಂಜೆ ಇಬ್ಬನಿ ಬೀಳುವ ಮೊದಲು ಮುಚ್ಚಬೇಕು, ಒಣಗಿದ ಮೇಲೆ ಬಣ್ಣಗೆಟ್ಟ ಬಿಳಿಗಾಯಿಗಳನ್ನು ಒಂದೊಂದಾಗಿ ಆರಿಸಿ ಎಸೆಯಬೇಕು. ಒಂದೇ ಒಂದು ಬಿಳಿಗಾಯಿ ಉಳಿದಿದ್ದರೂ ಇಡೀ ಚೀಲವನ್ನು ನನ್ನ ಮುಂದೆ ಸುರುವಿ, "ಕಣ್ಣ ಅದಾವೋ ಇಲ್ಲೋ?" ಎನ್ನುತ್ತಿದ್ದಳು. ಬ್ಯಾಡಗಿಯ ದಲಾಲಿ ಅಂಗಡಿಗೆ ಗಾಡಿಯಲ್ಲಿ ಚೀಲಗಳ ಮೇಲೆ ಕೂತು ತಾನೇ ಹೋಗುತ್ತಿದ್ದಳು. ಮೊಬೈಲು ಇನ್ನೂ ದಲಾಲರ ಕಿಸೆಯಲ್ಲಷ್ಟೇ ಇದ್ದ ಕಾಲ. ಅವಳನ್ನು ಕಂಡರೆ ಅವರು ಮಾತು ನಿಲ್ಲಿಸಿ ಕುರ್ಚಿ ಕೊಡುತ್ತಿದ್ದರು.

ಮರುವರ್ಷ ಗಂಡನ ಅಣ್ಣ ನಮ್ಮ ಬದುವಿಗೆ ಹತ್ತಿದ ತನ್ನ ಹೊಲದಲ್ಲಿ ಖಾರದ ಹೈಬ್ರಿಡ್ ಹಚ್ಚಿದ. ನಾನು ಬಂದ ವರ್ಷವೇ ಅವನು ಬೇರೆಯಾಗಿ, ಹಿತ್ತಲಿನ ನಡುವೆ ಗೋಡೆ ಎದ್ದಿತ್ತು. ಊಟಕ್ಕೆ ಕೂತಾಗ ಗಂಡನಿಗೆ ಹೇಳಿದೆ, "ಜೇನು ಆ ಹೂವಿಂದ ಈ ಹೂವಿಗೆ ಬರತಾವ. ಈ ವರ್ಷ ಕಾಯಿ ಚಲೋನ ಇರತಾವ, ಒಳಗಿನ ಬೀಜ ಕೆಟ್ಟಿರತೈತಿ. ಬದುವಿನ ಕಡೆದು ಬೀಜಕ್ಕ ಇಡಬ್ಯಾಡ್ರಿ."

ಅತ್ತೆ ಒಲೆಯ ಮುಂದಿನಿಂದಲೇ ಅಂದಳು, "ಅಣ್ಣತಮ್ಮರ ನಡಕ ಬೆಂಕಿ ಹಚ್ಚಾಕ ಬಂದೀಯೇನು?"

ಗಂಡ ತಾಟಿನಿಂದ ತಲೆ ಎತ್ತಲಿಲ್ಲ. ಭಾವನಿಗೂ ಮಾತು ಮುಟ್ಟಿತು. ಅಂದಿನಿಂದ ನನ್ನನ್ನು ಕಂಡಾಗಲೆಲ್ಲ ಅವನು, "ಮೇಡ್ಲೇರಿ ಸಾಹೇಬ್ರು ಬಂದ್ರು, ದಾರಿ ಬಿಡ್ರಿ" ಎಂದು ಊರೆಲ್ಲ ಕೇಳುವಂತೆ ಕೂಗುತ್ತಿದ್ದ.

ಆ ವರ್ಷ ಕಾಯಿ ಚೆನ್ನಾಗಿಯೇ ಬಂತು. ಅತ್ತೆ ನನ್ನತ್ತ ನೋಡಿ ನಕ್ಕಳು. ಅದೇ ಕಾಯಿಗಳ ಬೀಜದಿಂದ ಮುಂದಿನ ವರ್ಷ ಎದ್ದ ಗಿಡಗಳು ಬೇರೆಯೇ ಆಗಿದ್ದವು. ಕಾಯಿ ಉದ್ದ, ಮೈ ನುಣುಪು. ಬಿಡಿಸುವಾಗಲೇ ಕೈ ಉರಿಯುತ್ತಿತ್ತು. ಅತ್ತೆ ಅದನ್ನೇ ಒಣಗಿಸಿ, ಚೀಲ ಹೊಲಿದು ಬ್ಯಾಡಗಿಗೆ ಹೇರಿಸಿದಳು. ಅವತ್ತು ನಾನೂ ಗಂಡನೂ ಜೊತೆಗಿದ್ದೆವು. ಖರೀದಿದಾರನೊಬ್ಬ ಕಾಯಿ ಮುರಿದು ಮೂಸಿ, ತುದಿ ಕಚ್ಚಿ, ಕೆಮ್ಮಿದ.

"ಯಮ್ಮಾ, ನೀವೂ ಬೆರಕಿ ಮಾಡೂದು ಕಲತ್ರಿ?"

ಸುತ್ತಲಿದ್ದವರು ನಕ್ಕರು. ಅವತ್ತು ಯಾರೂ ಕುರ್ಚಿ ಕೊಡಲಿಲ್ಲ. ಅತ್ತೆ ಮನೆಗೆ ಬಂದವಳೇ ನನ್ನ ಟ್ರಂಕನ್ನು ಅಂಗಳಕ್ಕೆ ಎಳೆದು ತಂದು, ಸೀರೆಗಳನ್ನು ಒಂದೊಂದಾಗಿ ಎಸೆಯತೊಡಗಿದಳು. ಓಣಿಯ ಹೆಂಗಸರು ಬಂದು ನಿಂತರು.

"ಎಲ್ಲಿ ಇಟ್ಟೀದಿ? ತವರಮನಿಂದ ತಂದ ಬೀಜ ಎಲ್ಲಿ ಐತಿ? ನೀನ ಬೆರೆಸೀದಿ ನನ್ನ ಬೀಜದಾಗ!"

ಟ್ರಂಕಿನ ತಳದಲ್ಲಿದ್ದ ನನ್ನ ಒಳಬಟ್ಟೆಯನ್ನೂ ಎಲ್ಲರೆದುರು ಕೊಡವಿದಳು. ಆಗ ನಾನು ಅವಳ ಮಣಿಕಟ್ಟು ಹಿಡಿದೆ. ಎಷ್ಟು ಗಟ್ಟಿಯಾಗಿ ಹಿಡಿದೆನೆಂದರೆ ಒಂದು ಬಳೆ ಒಡೆಯಿತು. "ಸಾಕ್ರಿ" ಎಂದೆ. "ನಿಮ್ಮ ಹಿರೇ ಮಗನ ಹೊಲಕ್ಕ ಹೋಗಿ ಕೇಳ್ರಿ."

ಗಂಡ ಕಟ್ಟೆಯ ಮೇಲೆ ಕೂತೇ ಇದ್ದ. ಅತ್ತೆಗಿಂತ ಅವನ ಮೇಲೆಯೇ ನನಗೆ ಹೆಚ್ಚು ಸಿಟ್ಟು ಬಂದದ್ದು.

ತವರಿಗೆ ಹೋಗುತ್ತೇನೆಂದು ಎಲ್ಲರೂ ಕಾದರು. ಹೋಗಲಿಲ್ಲ. ಹೋದರೆ ಆ ತಪ್ಪು ನನ್ನದೇ ಆಗಿ ಉಳಿಯುತ್ತಿತ್ತು. ಮರುದಿನ ಬೆಳಿಗ್ಗೆ ಅತ್ತೆಯನ್ನು ಕೇಳಿದೆ, "ಭಾವಾರು ಹೈಬ್ರಿಡ್ ಹಚ್ಚೂಕಿಂತ ಮೊದಲಿನ ಬೀಜ ಇನ್ನೂ ಅದಾವೇನ್ರಿ?"

ಬೂದಿ ಬೆರೆಸಿ, ಸೋರೆಬುರುಡೆಯಲ್ಲಿ ತುಂಬಿ ಅಡಿಗೆಮನೆಯ ಜಂತಿಗೆ ಕಟ್ಟಿಟ್ಟಿದ್ದಳು. ನಾಲ್ಕು ದಿನ ಕೊಡಲಿಲ್ಲ. ಐದನೆಯ ದಿನ ಬುರುಡೆಯನ್ನು ನನ್ನ ಕಾಲ ಬಳಿ ಕುಕ್ಕಿದಳು. "ಹಾಳ ಮಾಡಿದಾಕಿ ನೀನ. ಸುದ್ದ ಮಾಡು."

ಹಳೆಯ ಬೀಜ, ಬಹಳಷ್ಟು ಮೊಳೆಯಲಿಲ್ಲ. ಎದ್ದ ಇಪ್ಪತ್ತೆಂಟು ಗಿಡಗಳನ್ನು ಹಿತ್ತಲಲ್ಲಿ ನೆಟ್ಟು, ಮೊಗ್ಗು ಬರುವ ಮೊದಲೇ ಸುತ್ತ ಕೋಲು ಹುಗಿದು, ನನ್ನ ಮದುವೆಗೆ ತವರಿನವರು ಕೊಟ್ಟ ಸೊಳ್ಳೆಪರದೆಯನ್ನು ಮೇಲೆ ಹೊದಿಸಿದೆ. ಜೇನು ಒಳಗೆ ಬರಬಾರದು. ಗಿಡದ ಹೂವು ತನ್ನ ಪರಾಗದಿಂದಲೇ ಕಾಯಿ ಕಚ್ಚಲೆಂದು ದಿನಾ ಬೆಳಿಗ್ಗೆ ಒಂದೊಂದು ಗಿಡವನ್ನೂ ಮೆಲ್ಲಗೆ ಅಲುಗಾಡಿಸುತ್ತಿದ್ದೆ. ಮೆಣಸಿನ ಗಿಡಕ್ಕೂ ಸೊಳ್ಳೆ ಕಡಿಯುತ್ತವೆಯೇ ಎಂದು ಊರು ನಕ್ಕಿತು.

ಹೂವು ತುಂಬಿದ್ದಾಗ ಒಂದು ಬೆಳಿಗ್ಗೆ ಎದ್ದು ನೋಡಿದರೆ ಭಾವನ ಎಮ್ಮೆ ಹಿತ್ತಲಲ್ಲಿತ್ತು. ಪರದೆ ಹರಿದು, ಹತ್ತು ಗಿಡ ನೆಲಸಮವಾಗಿದ್ದವು. ಗೋಡೆಗಿದ್ದ ಮುಳ್ಳಿನ ಬಾಗಿಲನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟಿದ್ದರು. ನಾನು ಕೂಗುವ ಮೊದಲೇ ಅತ್ತೆ ಹಿರಿಯ ಮಗನ ಬಾಗಿಲಲ್ಲಿ ನಿಂತಿದ್ದಳು.

"ಎಮ್ಮಿಗೆ ಏನ್ ತಿಳೀತೈತಿ ಯವ್ವಾ?" ಎಂದ ಭಾವ.

"ಮುಳ್ಳಿನ ಬಾಗಲಾ ಎತ್ತಿಡೂದು ಎಮ್ಮಿಗೆ ತಿಳೀತೈತೇನೋ? ನಾ ಸತ್ತರೂ ನನ್ನ ಹೊಸ್ತಿಲಾ ತುಳೀಬ್ಯಾಡ!"

ನನ್ನ ಪರವಾಗಿ ಆಡಿದ ಮಾತಲ್ಲ ಅದು, ಬೀಜದ ಪರವಾಗಿ. ಹಿಂತಿರುಗಿ ಬಂದು ನನ್ನ ಮುಖ ನೋಡದೆ ಸೂಜಿ ದಾರ ತಂದು ಪರದೆ ಹೊಲಿಯಲು ಕೂತಳು. ಅಂದಿನಿಂದ ಕಾಯಿ ಹಣ್ಣಾಗುವವರೆಗೂ ದಿನವಿಡೀ ಕೋಲು ಹಿಡಿದು ಅಲ್ಲೇ ಕೂತಿರುತ್ತಿದ್ದಳು. ನಾನು ಗಿಡ ಅಲುಗಾಡಿಸುತ್ತಿದ್ದೆ.

ಉಳಿದ ಹದಿನೆಂಟು ಗಿಡಗಳ ಬೀಜದಿಂದ, ಬೀಜದ ಗಿಡಗಳನ್ನು ಪ್ರತಿ ಸಲವೂ ಪರದೆಯೊಳಗೇ ಬೆಳೆಸಿ, ಎರಡು ವರ್ಷದಲ್ಲಿ ಹೊಲ ಮತ್ತೆ ಮೊದಲಿನಂತಾಯಿತು. ದಲಾಲ ಕೇಳಿದಾಗ ಅತ್ತೆ "ದೇವರು ಉಳಿಸಿದ" ಎಂದಳು. "ದೇವರಲ್ಲ, ನಾನು" ಎಂದು ಪಕ್ಕದಲ್ಲೇ ನಿಂತು ಗಟ್ಟಿಯಾಗಿ ಹೇಳಿದೆ. ಅವಳು ಚೀಲದ ಬಾಯಿ ಬಿಚ್ಚಿ ಅವನಿಗೆ ಕಾಯಿ ತೋರಿಸತೊಡಗಿದಳು.

ಆ ಬೇಸಿಗೆಯಲ್ಲಿ ಭಾವನ ಹೈಬ್ರಿಡ್ ಗಿಡಗಳಿಗೆ ಎಲೆ ಮುದುರುವ ರೋಗ ಬಂದು ಬೆಳೆ ಕೈಬಿಟ್ಟಿತು. ಅವನ ಹೆಂಡತಿ ನಮ್ಮ ಅಂಗಳಕ್ಕೆ ಬಂದು, ಹೊಸ್ತಿಲ ಆಚೆಯೇ ನಿಂತು, ಬೀಜ ಕೇಳಿದಳು. ಅತ್ತೆ ಎದ್ದು ಒಳಗೆ ಹೋಗಿಬಿಟ್ಟಳು. ನಾನೂ ಬಾ ಎನ್ನಲಿಲ್ಲ, ನೀರು ಕೊಡಲಿಲ್ಲ. ಆದರೆ ಎರಡು ಬೊಗಸೆ ಬೀಜ ತಂದು ಅವಳ ಸೆರಗಿಗೆ ಹಾಕಿದೆ. ಅವಳ ಕಣ್ಣಲ್ಲಿ ನೀರು ಬಂತು. ನನಗೆ ಕರುಣೆ ಬಂತೆಂದುಕೊಂಡಳೇನೋ. ಅವರ ಹೊಲದಲ್ಲೂ ನಮ್ಮ ತಳಿಯೇ ಇದ್ದರೆ ನಮ್ಮ ಗಿಡಗಳಿಗೆ ಜೇನಿನ ಭಯವಿರುವುದಿಲ್ಲ. ನಾನು ಕೊಟ್ಟದ್ದು ಅದಕ್ಕೆ.